ಮೊಮ್ಮಗಳ ಮೊಣಕಾಲಿಗೆ ಹಾಕಿದ ಪಟ್ಟಿ

ನಾನು ಕಲಿತದ್ದು ಮೂರನೆಯ ಇಯತ್ತೆ. ಆದರೂ ಮಕ್ಕಳ ಎಲುಬು ಹೇಗೆ ಬೆಳೆಯುತ್ತದೆ ಎಂದು ಯಾರಾದರೂ ಕೇಳಿದರೆ ಕಟ್ಟೆಯ ಮೇಲೆ ಕೂಡಿಸಿಕೊಂಡು ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ಸಂತೋಷ ಉಕ್ಕಿದ ಮುದುಕನ ಬಾಯಿಗೆ ಬೀಗ ಹಾಕುವವರು ಯಾರು?

ನನ್ನ ಮಗನ ಮಗಳು ಸಾಲೆಗೆ ಹೋಗತೊಡಗಿದ ಮೇಲೆ ಅವಳ ಮೊಣಕಾಲುಗಳು ಒಳಕ್ಕೆ ವಾಲತೊಡಗಿದವು. ನಿಂತರೆ ಮೊಣಕಾಲು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು, ಪಾದಗಳು ಮಾತ್ರ ದೂರ ದೂರ. ಓಡಿದರೆ ಮೊಣಕಾಲಿಗೆ ಮೊಣಕಾಲು ಬಡಿದು ಬೀಳುತ್ತಿದ್ದಳು. ಬೀಳುವುದು ಬೇಡವೆಂದು ಓಡುವುದನ್ನೇ ಬಿಟ್ಟಳು. ನನಗೆ ಸಂಕಟವಾದದ್ದು ಅದೇ. ನನ್ನ ಕಾಲುಗಳು ಇದಕ್ಕೆ ಪೂರ್ತಿ ಉಲ್ಟಾ, ಹೊರಕ್ಕೆ ಬಾಗಿ ನಡುವೆ ನಾಯಿಮರಿ ದಾಟುವಷ್ಟು ಸಂದು. ನಾವಿಬ್ಬರೂ ಮೂಡಲಗಿ ಸಂತೆಗೆ ಹೊರಟರೆ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು: "ಇಬ್ಬರದೂ ಕೂಡಿಸಿ ಸಮ ಹಂಚಿದ್ರ ನಾಲ್ಕೂ ಕಾಲ ನೆಟ್ಟಗ ಆಗತಾವ ನೋಡ!"

ಬೆಳೆಯುತ್ತ ಸರಿಹೋಗುತ್ತದೆ ಎಂದರು ಎಲ್ಲರೂ. ಎಷ್ಟೋ ಮಕ್ಕಳದು ಸರಿಹೋಗುತ್ತದಂತೆ, ಇವಳದು ಹೋಗಲಿಲ್ಲ. ಒಂಬತ್ತು ತುಂಬಿದಾಗ ಗೋಕಾಕಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಮಕ್ಕಳ ಎಲುಬಿನ ಡಾಕ್ಟರಮ್ಮ ಒಬ್ಬರಿದ್ದರು. ರಕ್ತ ನೋಡಿದರು, ಫೋಟೋ ತೆಗೆಸಿದರು, ಆ ಕಪ್ಪು ಫೋಟೋವನ್ನು ದೀಪಕ್ಕೆ ಹಿಡಿದು ಮೊಣಕಾಲಿನ ಹತ್ತಿರದ ಒಂದು ಗೆರೆ ತೋರಿಸಿದರು.

"ಇಲ್ನೋಡ್ರಿ ಅಜ್ಜಾರ, ಎಲುಬ ಬೆಳಿಯೂದು ಇಲ್ಲಿಂದ. ಮೊದಲ ಇಂಥಾ ಕಾಲಿಗೆ ಎಲುಬ ಕೊಯ್ದು ನೆಟ್ಟಗ ಕೂಡಸ್ತಿದ್ರು. ಬೆಳಿಯೂ ಹುಡುಗೂರಿಗೆ ಈಗ ಭಾಳ ಸಲ ಅದು ಬೇಕಾಗೂದಿಲ್ಲ. ಒಳಗಿನ ಬಾಜೂಕ, ಈ ಗೆರಿಗೆ ಅಡ್ಡ, ಲೋಹದ್ದೊಂದು ಸಣ್ಣ ಪಟ್ಟಿ, ಎರಡು ಸ್ಕ್ರೂ. ಮುಂದಿನ ಕೆಲಸ ಆಕಿ ಬೆಳವಣಿಗೀನ ಮಾಡತೈತಿ."

"ಪಟ್ಟಿ ಎಲುಬ ಜಗ್ಗತೈತೇನ್ರಿ?"

"ಜಗ್ಗೂದಿಲ್ಲ. ಒಳಗಿನ ಬಾಜೂ ತಡೀತೈತಿ ಅಷ್ಟ. ಹೊರಗಿನ ಬಾಜೂ ಬೆಳಕೋತ ಹೋಗತೈತಿ."

ನನಗೆ ಥಟ್ಟನೆ ಹೊಳೆಯಿತು. "ಅಂದ್ರ ಬಂಡಿ ತಿರುವಿದಂಗಾತು! ಒಂದು ಎತ್ತಿನ ಹಗ್ಗ ಹಿಡದು, ಇನ್ನೊಂದು ಎತ್ತು ನಡದ್ರ ಬಂಡಿ ತಾನ ತಿರಗತೈತಿ."

"ಹಂಗ ಅನ್ಕೋರಿ," ಎಂದು ಡಾಕ್ಟರಮ್ಮ ನಕ್ಕರು.

"ಹಂಗಾರ ನನ್ನ ಕಾಲಿಗೂ ಒಂದೆರಡು ಜಡೀರಲ್ಲ."

"ನಿಮ್ಮ ಎತ್ತ ಮಲಗಿ ಭಾಳ ವರ್ಷ ಆತ್ರಿ ಅಜ್ಜಾರ!"

ಆಪರೇಶನ್ ಆಯಿತು. ಎರಡೂ ಮೊಣಕಾಲಿನ ಬಾಜೂಕ ಸಣ್ಣ ಗಾಯ, ಅಷ್ಟೇ. ಪ್ಲಾಸ್ಟರ್ ಇಲ್ಲ, ಏನಿಲ್ಲ. ಕೆಲವೇ ದಿನಗಳಲ್ಲಿ ಹುಡುಗಿ ಅಂಗಳದಲ್ಲಿ ನಡೆದಳು. ಮೂರು ಮೂರು ತಿಂಗಳಿಗೆ ತೋರಿಸಬೇಕು, ತಪ್ಪಿಸಬಾರದು ಎಂದು ಡಾಕ್ಟರಮ್ಮ ಗಟ್ಟಿಯಾಗಿ ಹೇಳಿದ್ದರು. ಪ್ರತಿ ಸಲವೂ ಕಾಲು ಮೊದಲಿಗಿಂತ ನೆಟ್ಟಗಾಗಿರುತ್ತಿದ್ದವು. ಕಬ್ಬು ಬೆಳೆಯುವುದನ್ನು ನೋಡಿದವನು ನಾನು. ಆದರೆ ಮೊಮ್ಮಗಳು ನೆಟ್ಟಗೆ ಬೆಳೆಯುವುದನ್ನು ನೋಡುವ ಸುಖ ಬೇರೆಯೇ.

ಮರು ವರ್ಷ, ತೋರಿಸಲು ಹೋಗಬೇಕಾದ ದಿನವೇ ಕಬ್ಬು ಕಡಿಯುವ ಗ್ಯಾಂಗು ನಮ್ಮ ಹೊಲಕ್ಕೆ ಇಳಿಯಿತು. ನಮ್ಮ ಕಡೆ ಆ ದಿನ ಮನೆಯ ಹಿರಿಯ ಬದುವಿನ ಮೇಲೆ ಇರಲೇಬೇಕು. ಇಲ್ಲದಿದ್ದರೆ ಗ್ಯಾಂಗು ಅರ್ಧಕ್ಕೆ ಬಿಟ್ಟು ಪಕ್ಕದ ಹೊಲಕ್ಕೆ ಹೋಗುತ್ತದೆ, ನಿಂತ ಕಬ್ಬು ಒಣಗುತ್ತದೆ. ಲಗ್ನವನ್ನಾದರೂ ಮುಂದೆ ಹಾಕುತ್ತಾರೆ, ಕಬ್ಬಿನ ಪಾಳಿಯನ್ನಲ್ಲ.

"ಅಪ್ಪಾ, ಕಾಲ ನೆಟ್ಟಗ ಆಗ್ಯಾವಲ್ಲ. ಸುಗ್ಗಿ ಮುಗದ ಮ್ಯಾಲ ಹೋಗೂಣು," ಎಂದ ಮಗ.

ಹೆಂಡತಿಯೂ ಅವನ ಕಡೆಗೇ. "ಒಳ್ಳೇದ ಮಾಡಿದ ಪಟ್ಟಿ, ಒಳಗ ಇದ್ರ ನಿಮಗೇನ ಭಾರ? ಕಾಲ ಇನ್ನೂ ಗಟ್ಟಿ ಆಗಲಿ."

"ಬಂಡಿ ನೆಟ್ಟಗಾದ ಮ್ಯಾಲೂ ಹಗ್ಗ ಬಿಡಲಿಲ್ಲಂದ್ರ ಎಲ್ಲಿಗೆ ಹೋಗತೈತಿ?" ಎಂದೆ. "ಆಕಡಿ ಗಟಾರಕ್ಕ!"

ಮಗನನ್ನು ಬದುವಿನ ಮೇಲೆ ನಿಲ್ಲಿಸಿ, ಮೊಮ್ಮಗಳ ಕೈ ಹಿಡಿದು ಗೋಕಾಕದ ಬಸ್ಸು ಹತ್ತಿದೆ. ಹಿಂದಿನಿಂದ ಹೆಂಡತಿ ಏನೋ ಬೈಯುತ್ತಿದ್ದಳು. ನಾನು ತಿರುಗಿ ನೋಡಲಿಲ್ಲ.

ಮನೆಯಲ್ಲಾದ ಸುಗ್ಗಿಯ ವಾದವನ್ನೆಲ್ಲ ನನ್ನಿಂದ ಕೇಳುತ್ತಲೇ ಡಾಕ್ಟರಮ್ಮ ಹೊಸ ಫೋಟೋ ನೋಡಿದರು. "ಬರೋಬರಿ ಹೊತ್ತಿಗೆ ಬಂದೀರಿ. ಕಾಲ ನೆಟ್ಟಗ ನಿಂತಾವ. ಸುಗ್ಗಿ ಮುಗಿಯೂಮಟ ಬಿಟ್ಟಿದ್ರ ಹೊರಗ ಬಾಗಾಕ ಚಾಲೂ ಆಗತಿದ್ದು, ನಿಮ್ಮವಿದ್ದಂಗ."

"ಅಯ್ಯಯ್ಯ, ಅಜ್ಜನ ಕಾಲ ಬ್ಯಾಡ್ರಿ ಯವ್ವಾ!" ಎಂದು ಹುಡುಗಿ ಎರಡೂ ಮೊಣಕಾಲು ಹಿಡಿದುಕೊಂಡಳು.

ಪಟ್ಟಿ ಒಳಗೇ ಇದ್ದರೇನು ಎಂಬ ಹೆಂಡತಿಯ ಮಾತನ್ನೂ ಡಾಕ್ಟರಮ್ಮನಿಗೆ ಕೇಳಿಬಿಟ್ಟೆ. ಪಟ್ಟಿಯನ್ನು ಒಳಗೇ ಬಿಟ್ಟು ಒಂದೇ ಸ್ಕ್ರೂ ತೆಗೆಯುವುದನ್ನೂ ಕೆಲವು ಡಾಕ್ಟರರು ಮಾಡಿ ನೋಡಿದ್ದಾರಂತೆ, ಮತ್ತೆ ಬೇಕಾದರೆ ಸ್ಕ್ರೂ ಹಾಕಿದರಾಯಿತೆಂದು. ಆದರೆ ಕೆಲವರಲ್ಲಿ ಎಲುಬು ಪಟ್ಟಿಯನ್ನೇ ಹಿಡಿದುಕೊಂಡು, ಅದು ಸುಮ್ಮನಿರದೆ ತಡೆಯುತ್ತಲೇ ಹೋದದ್ದು ಕಂಡುಬಂದಿದೆಯಂತೆ. "ಅದಕ್ಕ ನಾ ಎಲ್ಲಾ ತಗೀತೇನಿ," ಎಂದರು. "ತಗದ ಮ್ಯಾಲ ಕೆಲವ್ರ ಕಾಲ ಮತ್ತ ಒಳಗ ವಾಲತಾವ. ಯಾರದು ವಾಲತಾವ ಅಂತ ಮೊದಲ ತಿಳೀತೈತೇನು ಅಂತ ಇನ್ನೂ ಹುಡುಕಾಕತ್ತಾರ. ಈಕಿ ಬೆಳಿಯೂದು ನಿಲ್ಲೂಮಟ ಕರಕೊಂಡು ಬರ್ರಿ."

"ಗ್ಯಾಂಗ್ ಬರಲಿ, ಗಾಳಿ ಬರಲಿ, ನಾ ಬರತೇನ್ರಿ," ಎಂದೆ.

ಅದೇ ವಾರ ಪಟ್ಟಿ ತೆಗೆದರು. ಗಾಯ ಮಾಗಿ, ಓಡಲು ಡಾಕ್ಟರಮ್ಮನ ಅಪ್ಪಣೆ ಸಿಕ್ಕ ಮೇಲೆ ಅವಳನ್ನು ತಾಯಿಯ ತವರು ಘೋಡಗೇರಿಗೆ ಬಿಡಲು ಹೋದೆ. ಸಂಜೆ ಅಲ್ಲಿಯ ಸಾಲೆಯ ಬಯಲಲ್ಲಿ ಹುಡುಗಿಯರು ಖೋಖೋ ಆಡುತ್ತಿದ್ದರು. ಇವಳೂ ನುಗ್ಗಿದಳು. ನಾನು ನೋಡನೋಡುತ್ತಿದ್ದಂತೆ ಓಡಿದಳು, ಇನ್ನೂ ಜೋರಾಗಿ ಓಡಿದಳು, ಮಣ್ಣಿನಲ್ಲಿ ಉದ್ದಕ್ಕೆ ಬಿದ್ದಳು. ತಲೆಗೆ ಸುತ್ತಿದ ಪಟಗ ಎಲ್ಲಿ ಉದುರಿತೋ, ಬಯಲಿಗೆ ಓಡಿದೆ.

"ಯಾಕ ಬಿದ್ದಿ ನನ್ನವ್ವ?"

ಮುಖವೆಲ್ಲ ಧೂಳಾಗಿ ತಲೆ ಎತ್ತಿದಳು. "ಬಿದ್ದಿಲ್ಲ ಅಜ್ಜಾ, ಜಿಗದೇನಿ! ಆಕಡಿ ಸರಿ, ಔಟ್ ಮಾಡೇನಿ!"

ಖರೆಯೇ. ಮುಂದೆ ಓಡುತ್ತಿದ್ದ ಹುಡುಗಿಯ ಹಿಮ್ಮಡಿ ಇವಳ ಮುಷ್ಟಿಯಲ್ಲಿತ್ತು.