ಟೈಲರಮ್ಮನ ಮೂರನೇ ಮಹಡಿ
ಟೈಲರಮ್ಮ ಮೆಟ್ರೋ ಹತ್ತಿದರೆಂದರೆ ಇಡೀ ಬೋಗಿಯಲ್ಲಿ ಅವರದೇ ಕಾರುಬಾರು. "ಸೀಟ್ ಮೇಲಿಂದ ಕಾಲು ತೆಗಿಯೋ, ನಿಮ್ಮಪ್ಪನ ಮನೆ ಸೋಫಾನಾ ಇದು?" ಎಂದು ಒಬ್ಬನನ್ನು ಗದರಿ, ಇನ್ನೊಬ್ಬಳ ತೋಳಿನ ಬಿಚ್ಚಿದ ಹೊಲಿಗೆ ಹಿಡಿದು, "ಯಾವ ಪುಣ್ಯಾತ್ಮನಮ್ಮ ಇದನ್ನ ಹೊಲಿದಿದ್ದು?" ಎಂದು ವಿಚಾರಿಸುತ್ತಾರೆ. ಈ ರೈಲು ತಮ್ಮ ಬೀದಿಯನ್ನೇ ನುಂಗಿ ನೀರು ಕುಡಿಯಿತೆಂದು ದಿನವೂ ಶಪಿಸುತ್ತಾರೆ, ಆದರೂ ಅಪ್ಪಿತಪ್ಪಿಯೂ ಬಸ್ಸು ಹತ್ತುವುದಿಲ್ಲ. ಹಳೇ ಬೀದಿಯ ತಿರುವಿನಲ್ಲಿ ಮಾತ್ರ ಅವರ ಬಾಯಿಗೆ ಬೀಗ ಬೀಳುತ್ತದೆ. ಸದ್ದಿಲ್ಲದೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಲ್ಲುತ್ತಾರೆ. ಕಂಬಗಳ ಮೇಲಿನ ಈ ಹಳಿಗೆಂದು ಕೆಡವಿದ ಅವರ ಮೂರನೇ ಮಹಡಿಯ ಮನೆ ಇದ್ದದ್ದು ಇಲ್ಲೇ, ರೈಲು ಓಡುವ ಇದೇ ಎತ್ತರದಲ್ಲಿ. ಜೊತೆಗಿದ್ದ ಸೊಸೆ ಒಮ್ಮೆ, "ಏನತ್ತೆ ಇದು, ಎಲ್ಲಾ ನೋಡ್ತಿದಾರೆ" ಎಂದಳು. "ಅಡುಗೆಮನೆ ಬಂತಲ್ಲೇ. ಒಲೆ ಮುಂದೆ ಯಾರಾದ್ರೂ ಚಪ್ಪಲಿ ಹಾಕ್ಕೊಂಡು ನಿಲ್ತಾರೇನೇ?"