ಮುನಿಸಿಕೊಂಡ ನವಿಲು

ಸೀರೆಯ ಅಂಚಿನಲ್ಲಿ ಜರಿಯ ನವಿಲು ಕಂಡರೆ ಸಾಕು, ಮೆಹ್ನಾಜ್‌ಗೆ ಮೇಸ್ತ್ರಿ ವೆಂಕಟರಾಯಪ್ಪ ನೆನಪಾಗುತ್ತಾರೆ.

ಅವಳು ದೊಡ್ಡಬಳ್ಳಾಪುರದ ಒಂದು ಮಗ್ಗದ ಕಾರ್ಖಾನೆಗೆ ಡಿಸೈನ್ ಬಿಡಿಸುವ ಕೆಲಸಕ್ಕೆ ಸೇರಿದಾಗ ಡಿಸೈನೆಲ್ಲ ಒಂದು ಹಳೇ ಕಂಪ್ಯೂಟರಿನಲ್ಲಿತ್ತು. ಅದರ ಸಾಫ್ಟ್‌ವೇರ್ ಬರೆದವನು ಎಂದೋ ಊರು ಬಿಟ್ಟಿದ್ದ. ಅದು ಆಗಾಗ ನಿಂತುಹೋಗಿ, ಬೆಳಗಿನಿಂದ ಅವಳು ಬಿಡಿಸಿದ್ದನ್ನೆಲ್ಲ ನುಂಗಿಬಿಡುತ್ತಿತ್ತು. ಸರಿಮಾಡುತ್ತೇನೆ ಎಂದರೆ ಮೇಸ್ತ್ರಿ ಬಿಡುತ್ತಿರಲಿಲ್ಲ.

“ಹೆಂಗೋ ನಡೀತೈತೆ. ಯಾಕಮ್ಮ ಕೆದಕ್ತೀಯ?”

ಹಟಕ್ಕೆ ಬಿದ್ದು ಅವಳು ಆ ಸಾಫ್ಟ್‌ವೇರನ್ನೆಲ್ಲ ಒಂದೇ ಸಲಕ್ಕೆ ಬದಲಾಯಿಸಿದಳು. ಮಗ್ಗದಲ್ಲಿ ಮೂಡಿದ ನವಿಲುಗಳೆಲ್ಲ ಹಿಂದುಮುಂದಾಗಿದ್ದವು.

“ನೋಡು ತಾಯಿ, ನಿನ್ ಮೇಲೆ ಮುನಿಸ್ಕೊಂಡು ಆ ಕಡೆ ತಿರುಗ್ಬಿಟ್ಟವೆ,” ಎಂದರು ಮೇಸ್ತ್ರಿ. ಮಗ್ಗದವರೆಲ್ಲ ನಕ್ಕರು.

ಹಳೇ ಸಾಫ್ಟ್‌ವೇರ್ ಚಿತ್ರವನ್ನು ಎಡಬಲ ಮಾಡಿ, ಮಗ್ಗಕ್ಕೆ ಡಿಸೈನ್ ತಿಳಿಸುವ ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಿತ್ತಂತೆ. ಅದಕ್ಕೇ ಮಗ್ಗದವರು ಕಾರ್ಡನ್ನು ತಿರುಗಿಸಿ ಮಗ್ಗಕ್ಕೆ ಕಟ್ಟುವುದನ್ನು ರೂಢಿಸಿಕೊಂಡಿದ್ದರು. ಅವಳ ನೇರವಾದ ಕಾರ್ಡನ್ನೂ ಹಾಗೇ ತಿರುಗಿಸಿ ಕಟ್ಟಿದ್ದರು.

“ಮೊದ್ಲೇ ಹೇಳ್ಬಾರ್ದಿತ್ತಾ ಅಣ್ಣ?”

“ನೀ ಕೇಳಿದ್ಯಾ?”

ಅವಳಿಗೆ ಕಣ್ಣಲ್ಲಿ ನೀರೇ ಬಂತು. ಮಾರನೇ ದಿನದಿಂದ ಏನು ಮುಟ್ಟುವುದಿದ್ದರೂ ಮೊದಲು ಮಗ್ಗದ ಪಕ್ಕ ಬಂದು ನಿಂತು ಕೇಳುತ್ತಿದ್ದಳು. ಎಡಬಲವನ್ನು ಹಾಗೇ ಉಳಿಸಿ, ನಿಂತುಹೋಗುವ ರೋಗವನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ಬಿಡಿಸಿದಳು. ಬಿಡಿಸಿದ ಡಿಸೈನ್ ಅಳಿಸಿಹೋಗುವುದು ತಪ್ಪಿದ ಮೇಲೆ ಮೇಸ್ತ್ರಿಯೇ ಎಲ್ಲರಿಗೂ ಟೀ ತರಿಸಿದರು.

ಈಗ ವೆಂಕಟರಾಯಪ್ಪ ಇಲ್ಲ. ಕಂಪ್ಯೂಟರೂ ಹೊಸದು. ಕಾರ್ಡು ಮಾತ್ರ ಇಂದಿಗೂ ಎಡಬಲವಾಗಿಯೇ ಬರುತ್ತದೆ. ಹೊಸ ಮೇಸ್ತ್ರಿ ದೇವರಾಜ್ ಮೊನ್ನೆ, “ಇದನ್ನೂ ಸರಿಮಾಡ್ಬಿಡಿ ಮೇಡಂ,” ಎಂದ.

“ಮಗ್ಗದವರನ್ನ ಕೇಳಿದ್ರಾ?” ಎಂದಳು ಮೆಹ್ನಾಜ್. ತನ್ನ ಬಾಯಲ್ಲಿ ವೆಂಕಟರಾಯಪ್ಪನವರ ದನಿ ಕೇಳಿದಂತಾಗಿ, ನಕ್ಕು ಎದ್ದು ಮಗ್ಗಗಳ ಕಡೆ ಹೊರಟಳು.