ಬಷೀರನ ಒಂಬತ್ತನೇ ನಂಬರು

ಬಷೀರನನ್ನು ಮೊದಲ ಸಲ ನೋಡಿದಾಗ ನನಗೆ ಕಂಡದ್ದು ಅವನ ಕಾಲುಗಳು ಮಾತ್ರ. ಆಫೀಸಿನ ಸೂರಿನ ಕೆಳಗೆ ಕೂರಿಸಿದ್ದ ಬಿಳಿ ಹಲಗೆಗಳಲ್ಲಿ ಒಂದನ್ನು ಸರಿಸಿ, ಏಣಿಯ ಮೇಲೆ ನಿಂತು, ಸೊಂಟದವರೆಗೆ ಒಳಗೆ ತೂರಿಕೊಂಡಿದ್ದ. ಒಂದು ಕಾಲುಚೀಲ ನೀಲಿ, ಇನ್ನೊಂದು ಕಪ್ಪು. ಮೇಲಿನಿಂದ ದನಿ ಬಂತು.

"ಕೆಳಗ್ ಯಾರಿದ್ದೀರಾ? ಆ ವೈರ್ ತುದಿ ಹಿಡ್ಕೊಂಡು ಒಂಚೂರು ಎಳೀರಿ. ಅಯ್ಯೋ, ಮೆತ್ತಗೆ! ಎಮ್ಮೆ ಹಗ್ಗ ಅಲ್ಲಣ್ಣಾ ಅದು."

ಮೆತ್ತಗೆ ಎಳೆದೆ. "ಬಂತು, ಬಂತು" ಎಂದು ಕತ್ತಲಲ್ಲೇ ನಕ್ಕ. ಮುಖ ಕಂಡದ್ದು ಆಮೇಲೆ. ಹುಬ್ಬಿನ ತುಂಬ ಧೂಳು ಕೂತು, ಮೂವತ್ತರ ಹುಡುಗ ಅರವತ್ತರ ಮುದುಕನಂತೆ ಕಾಣುತ್ತಿದ್ದ.

ಅದು ತೊಂಬತ್ತರ ದಶಕದ ಕೊನೆಯ ಮಾತು. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿ, ಗುಲಾಬಿ ಬೆಳೆದು ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯಿತ್ತು. ನಾನು ಅಲ್ಲಿ ಪ್ಯಾಕಿಂಗ್ ಷೆಡ್ಡಿನ ಗುಮಾಸ್ತ. ಓದಿದ್ದು ಎಸ್ಸೆಸ್ಸೆಲ್ಸಿ. ದಿನಾ ಕುಂದಾಣದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಆಫೀಸು, ಷೆಡ್ಡು, ಕೋಲ್ಡ್ ರೂಮು, ಗೇಟು, ಎಲ್ಲ ಕಡೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ನೋಡಿಕೊಳ್ಳಲು ಬಷೀರನನ್ನು ತೆಗೆದುಕೊಂಡಿದ್ದರು.

ಅವನು ದೊಡ್ಡಬಳ್ಳಾಪುರದವನೇ. ಮನೆಯಲ್ಲಿ ಮಗ್ಗವಿತ್ತು. ಸಿಕ್ಕಾದ ನೂಲು ಬಿಡಿಸುತ್ತ ಬೆಳೆದವನಾದ್ದರಿಂದ ತಂತಿಯ ಸಿಕ್ಕು ಕಂಡರೆ ಅವನಿಗೆ ಬೇಸರವಾಗುತ್ತಿರಲಿಲ್ಲ, ಖುಷಿಯಾಗುತ್ತಿತ್ತು. ತಂತಿಗಳನ್ನು ಗೋಡೆಗುಂಟ ಜಡೆ ಹೆಣೆದ ಹಾಗೆ ಕಟ್ಟುತ್ತಿದ್ದ. ಸಂಜೆ ಮನೆಗೆ ಹೊರಡುವಾಗ ನಾವು ಎಸೆದ ಸೊಟ್ಟ ಕಾಂಡದ ಗುಲಾಬಿಗಳಲ್ಲಿ ಒಂದನ್ನು ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. "ಅಮ್ಮೀಗೆ" ಎನ್ನುತ್ತಿದ್ದ. "ಸೊಟ್ಟ ಇದ್ರೇನು, ಅವಳಿಗೆ ನಾನೂ ಸೊಟ್ಟಾನೇ."

ಪ್ರತಿ ಕಂಪ್ಯೂಟರಿಗೂ ಒಂದು ನಂಬರು ಬೇಕು, ಇಲ್ಲದಿದ್ದರೆ ಒಂದರ ಮಾತು ಇನ್ನೊಂದಕ್ಕೆ ತಲುಪುವುದಿಲ್ಲ ಎಂದು ನನಗೆ ಹೇಳಿಕೊಟ್ಟವನು ಅವನೇ. ಮೊದಮೊದಲು ಎಲ್ಲಕ್ಕೂ ಕೈಯಿಂದಲೇ ನಂಬರು ಹಾಕುತ್ತಿದ್ದ. ನಾವು ಮೇಜು ಬದಲಿಸುತ್ತಿದ್ದೆವು, ಮಿಷನ್ ಬದಲಿಸುತ್ತಿದ್ದೆವು, ನಂಬರುಗಳು ಡಿಕ್ಕಿ ಹೊಡೆಯುತ್ತಿದ್ದವು, ಅವನು ಓಡಿ ಬರುತ್ತಿದ್ದ. ಕೊನೆಗೆ ಆಫೀಸಿನ ದೊಡ್ಡ ಮಿಷನ್ನೇ ತಾನಾಗಿ ನಂಬರು ಹಂಚುವಂತೆ ಮಾಡಿದ. ಆ ದಿನ ಷೆಡ್ಡಿಗೆ ಬಂದು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತ.

"ನೋಡು ಮುನಿಯಣ್ಣ, ಬೆಳಿಗ್ಗೆ ನೀನು ಮಿಷನ್ ಆನ್ ಮಾಡ್ತೀಯಲ್ಲ, ಅದು ಕೂಗ್ತದೆ, ಯಾರಾದ್ರೂ ನಂಗೊಂದು ನಂಬರ್ ಕೊಡ್ರಪ್ಪಾ ಅಂತ. ದೊಡ್ಡ ಮಿಷನ್ನು ಯಾವ್ದು ಖಾಲಿ ಐತೆ ಅಂತ ನೋಡಿ, ತಗಾ, ಸದ್ಯಕ್ಕೆ ಇದು ನಿಂದು ಅಂತದೆ. ಬಸ್ ಸೀಟ್ ಇದ್ದಂಗೆ. ಯಾರಪ್ಪನ ಆಸ್ತೀನೂ ಅಲ್ಲ."

"ಕಿಟಕೀಲಿ ಟವೆಲ್ ಹಾಕಿ ಹಿಡ್ಕೊಂಡ್ರೆ?" ಎಂದು ತಮಾಷೆ ಮಾಡಿದೆ.

"ಅದೊಂದ್ ಮಾತ್ರ ಮಾಡ್ಬೇಡ ಗುರುವೇ! ಟವೆಲ್ ಹಾಕೋರಿಂದಾನೇ ಊರಲ್ಲೆಲ್ಲಾ ಜಗಳ. ಮುಂದಿನ್ ಸೀಟು ಹೆಂಗಸ್ರಿಗೆ ಅಂತ ಬಿಡಲ್ವಾ, ಹಂಗೆ ಮೊದಲಿನ್ ಕೆಲವು ನಂಬರ್ ನಾನೇ ಬಿಟ್ಟಿದ್ದೀನಿ. ಕೋಲ್ಡ್ ರೂಮ್ದು ಒಂಬತ್ತು. ಅದು ಬದಲಾಗಂಗೇ ಇಲ್ಲ. ಮಿಕ್ಕಿದ್ದು ಅದರ ಪಾಡಿಗದು. ನಾನ್ ಸತ್ರೂ ನಡೀತದೆ."

ನನ್ನ ಮಿಷನ್ನಿಗೆ ಯಾವ ನಂಬರು ಬಂದಿದೆ, ಅದು ಪರದೆಯ ಮೇಲೆ ಎಲ್ಲಿ ಕಾಣುತ್ತದೆ ಎಂದು ಕೇಳಿದೆ. ಪ್ರೀತಿಯಿಂದ ತೋರಿಸಿದ. ಕೊನೆಯಲ್ಲಿ ಇಪ್ಪತ್ತಾರು ಎಂದಿತ್ತು. ಯಾರೂ ಕೂರದಿದ್ದರೆ ದಿನಾ ಅದೇ ಸೀಟೇ ಸಿಗುತ್ತದೆ ಎಂದ.

ಇಪ್ಪತ್ತಾರು. ಎರಡು ಮತ್ತು ಆರು ಕೂಡಿದರೆ ಎಂಟು.

ಇಲ್ಲಿಂದ ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ. ಆ ವರ್ಷ ನನ್ನ ಮಗಳನ್ನು ನೋಡಿಹೋದ ಗಂಡುಗಳೆಲ್ಲ ಮಾತು ಬದಲಿಸಿದ್ದರು. ಘಾಟಿಯ ದೇವಸ್ಥಾನಕ್ಕೆ ಹೋಗಿ ಹರಕೆ ಹೊತ್ತು ಬಂದಿದ್ದೆ. ಅಲ್ಲಿ ಮರದ ಕೆಳಗೆ ಕೂತು ಅಂಕೆ ನೋಡಿ ಭವಿಷ್ಯ ಹೇಳುವವನೊಬ್ಬ, ಎಂಟು ಶನಿಯ ಅಂಕೆ, ಅದು ದಿನಾ ನಿಮ್ಮ ಕೈಗೆ ತಾಕುತ್ತಿದೆ, ಒಂಬತ್ತಕ್ಕೆ ಬನ್ನಿ ಎಂದಿದ್ದ. ಮನೆ ನಂಬರು ನೋಡಿದೆ, ಬಸ್ ಪಾಸು ನೋಡಿದೆ, ಎಲ್ಲೂ ಎಂಟಿರಲಿಲ್ಲ. ಈಗ ಸಿಕ್ಕಿತು. ನಾನು ದಿನವಿಡೀ ಅದರ ಮುಂದೆಯೇ ಕೂರುತ್ತಿದ್ದೆನಲ್ಲ!

ಒಂದು ಭಾನುವಾರ ದಾಸ್ತಾನು ನೋಡಲು ನನ್ನೊಬ್ಬನನ್ನೇ ಕರೆಸಿದ್ದರು. ಕೋಲ್ಡ್ ರೂಮಿನ ಕಂಪ್ಯೂಟರು ಆರಿತ್ತು. ಬಷೀರ್ ತೋರಿಸಿದ್ದ ಜಾಗಕ್ಕೆ ಹೋಗಿ, ತಾನಾಗಿ ಬರುವುದನ್ನು ತಪ್ಪಿಸಿ, ಇಪ್ಪತ್ತಾರನ್ನು ಅಳಿಸಿ ಒಂಬತ್ತು ಒತ್ತಿದೆ. ಅದು ಯಾರದೆಂದು ಅವನು ಹೇಳಿದ್ದು ನೆನಪಿತ್ತು. ನನ್ನದೊಂದು ಸಣ್ಣ ಮಿಷನ್ನು, ಒತ್ತರಿಸಿಕೊಂಡು ಕೂತರೆ ಯಾರಿಗೇನು ತೊಂದರೆ ಎಂದುಕೊಂಡೆ. ಏನೂ ಆಗಲಿಲ್ಲ. ದೇವರಿಗೆ ಕೈಮುಗಿದು ಮನೆಗೆ ಹೋದೆ.

ಸೋಮವಾರ ಎಲ್ಲರಿಗಿಂತ ಮೊದಲು ನನ್ನ ಮಿಷನ್ ಹಾಕಿದೆ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ಓಕೆ ಒತ್ತಿ ಕೆಲಸಕ್ಕೆ ಕೂತೆ. ಅತ್ತ ಕೋಲ್ಡ್ ರೂಮಿನಲ್ಲಿ ಪೆಟ್ಟಿಗೆಗೆ ಅಂಟಿಸುವ ಚೀಟಿಗಳು ಬರುವುದು ನಿಂತಿತ್ತು. ಹೊರದೇಶಕ್ಕೆ ಹೋಗುವ ಪೆಟ್ಟಿಗೆಗೆ ಕೈಬರಹದ ಚೀಟಿ ನಡೆಯುತ್ತಿರಲಿಲ್ಲ. ಸಂಜೆಯ ವಿಮಾನಕ್ಕೆ ಹೂವು ಹೋಗಬೇಕು. ವ್ಯಾನು ಬಾಗಿಲು ತೆರೆದುಕೊಂಡು ಬಿಸಿಲಲ್ಲಿ ನಿಂತಿತ್ತು.

ಮಧ್ಯಾಹ್ನ ಬಷೀರ್ ಷೆಡ್ಡಿಗೆ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ಹಿಂದೆಯೇ ಮ್ಯಾನೇಜರು.

"ಒಂಬತ್ತರಲ್ಲಿ ಇಬ್ರು ಕೂತವ್ರೆ. ಎರಡನೆಯವ್ರು ಯಾರೋ ಗೊತ್ತಾಗ್ತಿಲ್ಲ. ಯಾರಾದ್ರೂ ಕೈಯಾರೆ ನಂಬರ್ ಹಾಕಿದ್ರಾ? ಬೈಯಲ್ಲ, ಹೇಳ್ಬಿಡಿ."

ಎಲ್ಲರೂ ಇಲ್ಲ ಎಂದರು. ನನ್ನ ಕಡೆ ತಿರುಗಿದ. "ಮುನಿಯಣ್ಣಾ?"

"ನಂಗೇನ್ ಗೊತ್ತಪ್ಪಾ ಅದೆಲ್ಲ" ಎಂದೆ.

ಅವನು ನನ್ನ ಮಿಷನ್ ನೋಡಲಿಲ್ಲ. ನನ್ನ ಮಾತು ಸಾಕಾಯಿತು ಅವನಿಗೆ. ಅವರು ಅತ್ತ ಹೋದ ಮೇಲೆ ಎಲ್ಲವನ್ನೂ ಮೊದಲಿನಂತೆ ಮಾಡಿದೆ. ಇಪ್ಪತ್ತಾರು ತಾನಾಗಿ ಬಂದು ಕೂತಿತು. ಕೋಲ್ಡ್ ರೂಮಿನ ಮಿಷನ್ ಆರಿಸಿ ಹಾಕಿದಾಗ ಚೀಟಿಗಳು ಒಂದರ ಹಿಂದೊಂದು ಬಂದವು. ಆಗ ತಡವಾಗಿತ್ತು. ವಿಮಾನ ತಪ್ಪಿತು. ಮಾರನೆಯ ದಿನ ವಾಪಸು ಬಂದ ಪೆಟ್ಟಿಗೆಗಳನ್ನು ಬಿಚ್ಚಿದರೆ ಹೂಗಳೆಲ್ಲ ಕತ್ತು ಬಗ್ಗಿಸಿದ್ದವು. ಷೆಡ್ಡಿನ ಹಿಂದಿನ ಗುಂಡಿಗೆ ಸುರಿದೆವು. ನಾನೂ ಸುರಿದೆ.

ಮ್ಯಾನೇಜರು ಎಲ್ಲರ ಮುಂದೆಯೇ ಕೇಳಿದರು. "ಹೆಂಗ್ ಕೆಡ್ತು ಅಂತ ನಿಂಗೆ ಗೊತ್ತಿಲ್ಲ. ಹೆಂಗ್ ಸರಿಹೋಯ್ತು ಅಂತಲೂ ಗೊತ್ತಿಲ್ಲ. ಮತ್ತೆ ನೀನ್ಯಾಕಪ್ಪಾ ಇಲ್ಲಿ?"

ಬಷೀರ್ ಯಾರ ಮೇಲೂ ಬೆರಳು ತೋರಿಸಲಿಲ್ಲ. "ಯಾರೂ ಮುಟ್ಟಿಲ್ಲ ಅಂತಾರೆ ಸಾರ್. ಹಂಗಾದ್ರೆ ದೊಡ್ಡ ಮಿಷನ್ನೇ ಯಾರಿಗೋ ಒಂಬತ್ತು ಕೊಟ್ಟೈತೆ. ನಾನ್ ಕಟ್ಟಿದ್ರಲ್ಲೇ ಎಲ್ಲೋ ತಪ್ಪೈತೆ" ಎಂದ. ಅದನ್ನೇ ಅವರು ಒಪ್ಪಿಗೆ ಎಂದು ತಿಳಿದರು. ಆ ವಾರವೇ ಕೆಲಸ ಬಿಡಿಸಿದರು. ಹೋಗುವ ದಿನ ಅವನು ಗುಲಾಬಿ ಆರಿಸಲಿಲ್ಲ.

ಅವನು ಹೇಳಿದ್ದ ಹಾಗೆ, ಅವನಿಲ್ಲದೆಯೂ ಅದು ನಡೆಯಿತು. ಪ್ರತಿ ಬೆಳಿಗ್ಗೆ ನನ್ನ ಮಿಷನ್ ಕೂಗುತ್ತಿತ್ತು, ನಂಬರು ಬರುತ್ತಿತ್ತು. ಮುಂದಿನ ವರ್ಷ ಮಗಳ ಮದುವೆಯೂ ಆಯಿತು. ನನ್ನ ಮಿಷನ್ ಇಪ್ಪತ್ತಾರರಲ್ಲಿದ್ದಾಗಲೇ ಆಯಿತು.

ಆಮೇಲೊಮ್ಮೆ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ತಮ್ಮನ ನೂಲಿನ ಅಂಗಡಿಯಲ್ಲಿ ಕೂರುತ್ತಿದ್ದನಂತೆ. ಕಂಪ್ಯೂಟರ್ ಕೆಲಸಕ್ಕೆ ಬೆಂಗಳೂರಿನಿಂದ ಕರೆದರೂ ಹೋಗಿರಲಿಲ್ಲ. ಬಲವಂತ ಮಾಡಿ ಟೀ ಕುಡಿಸಿದ. ಲೋಟದಿಂದ ಚೆಲ್ಲಿದ ಟೀಯಲ್ಲಿ ಬೆರಳದ್ದಿ ಮೇಜಿನ ಮೇಲೆ ಗೆರೆ ಎಳೆದ. ಇದು ಆಫೀಸು, ಇದು ಷೆಡ್ಡು, ಇದು ಕೋಲ್ಡ್ ರೂಮು.

"ಎಷ್ಟ್ ಸಲ ಕಟ್ಟಿ ನೋಡಿದ್ರೂ ತಪ್ಪೆಲ್ಲೀಂತ ಸಿಗ್ತಿಲ್ಲ ಮುನಿಯಣ್ಣ. ಆ ಎರಡನೇ ಒಂಬತ್ತು ಎಲ್ಲಿಂದ ಬಂತು? ಅದೊಂದ್ ಗೊತ್ತಾಗ್ಬುಟ್ರೆ ನಾಳೇನೇ ಕೆಲಸಕ್ಕೆ ಹೋಗ್ತೀನಿ. ಗೊತ್ತಿಲ್ದೆ ಇನ್ನೊಬ್ರ ಮನೇಲಿ ಹೆಂಗ್ ಕಟ್ಲಿ?"

ಉತ್ತರ ನನ್ನ ನಾಲಿಗೆಯ ಮೇಲಿತ್ತು. "ಮಿಷನ್ ಅಲ್ವಾ ಬಷೀರು, ಒಂದೊಂದ್ಸಲ ಹಂಗೇ" ಎಂದೆ.

ಅಷ್ಟರಲ್ಲಿ ಕುಂದಾಣದ ಬಸ್ಸು ಬಂತು, ಜನ ನುಗ್ಗಿದರು. ನನ್ನ ಮಂಡಿನೋವು ಅವನಿಗೆ ಗೊತ್ತಿತ್ತು. ಎದ್ದು ಓಡಿಹೋಗಿ, ಜೇಬಿನ ಕರ್ಚೀಫು ತೆಗೆದು, ಕಿಟಕಿಯಿಂದ ಒಂದು ಸೀಟಿನ ಮೇಲೆ ಎಸೆದ. "ಹತ್ತು ಹತ್ತು, ಟವೆಲ್ ಹಾಕಿದ್ದೀನಿ!" ಎಂದು ಕೂಗಿ ನಕ್ಕ. ನಾನು ಹತ್ತಿ ಅದರ ಮೇಲೆ ಕೂತೆ. ಬಸ್ಸು ಹೊರಟಾಗ ಕರ್ಚೀಫು ನನ್ನಲ್ಲೇ ಉಳಿಯಿತು.

ಅದನ್ನು ಒಗೆದು, ಮಡಿಸಿ, ಪೆಟ್ಟಿಗೆಯಲ್ಲಿಟ್ಟೆ. ಕೊಡುವ ನೆಪದಲ್ಲಿ ಹೋಗಿ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಇದ್ದೆ. ಹೋದದ್ದು ಅವನು ಎದೆನೋವಿನಲ್ಲಿ ತೀರಿಕೊಂಡ ಸುದ್ದಿ ಕೇಳಿದ ಮೇಲೆ.

ಅಂಗಡಿಯಲ್ಲಿ ತಮ್ಮ ಒಬ್ಬನೇ ನೂಲು ತೂಗುತ್ತಿದ್ದ. ಕರ್ಚೀಫನ್ನು ಅವನ ಕೈಗಿಟ್ಟು, ನಿಂತುಕೊಂಡೇ ಎಲ್ಲ ಹೇಳಿದೆ. ಎಂಟು ಹೇಳಿದೆ, ಒಂಬತ್ತು ಹೇಳಿದೆ, ಇಲ್ಲವೆಂದು ಸುಳ್ಳಾಡಿದ್ದು ಹೇಳಿದೆ. ಅವನು ತಕ್ಕಡಿ ಹಿಡಿದುಕೊಂಡೇ ಕೇಳಿದ. ಅರ್ಥವಾಗಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು. ಅರ್ಥವಾಗಬಹುದಾಗಿದ್ದವನು ಒಬ್ಬನೇ.

"ನಂಬರ್ ತಾನೇ, ಬಿಡಿ ಯಜಮಾನ್ರೇ" ಎಂದ ಅವನು, ನನ್ನ ಕಣ್ಣೀರು ನೋಡಲಾರದೆ. "ಪಾಪ, ಅಷ್ಟು ದೂರದಿಂದ ಬಂದಿದ್ದೀರಾ." ಪಕ್ಕದ ಸ್ಟೂಲಿನ ಧೂಳನ್ನು ಅದೇ ಕರ್ಚೀಫಿನಿಂದ ಒರೆಸಿ ಮುಂದೆ ತಳ್ಳಿದ. "ಅಣ್ಣ ಇಲ್ಲೇ ಕೂರ್ತಿದ್ದ. ಕೂತ್ಕೊಳಿ."

ನಾನು ಕೂರಲಿಲ್ಲ.